ಗೋಪುರದ ವಿದ್ಯುತ್ ಹಸಿವು: ಸರಳ ರೇಡಿಯೊ ಪ್ರೇಷಕಗಳ ವಿನ್ಯಾಸ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಮಳೆಗಾಲದಲ್ಲಿ ವಿದ್ಯುತ್ ಕಡಿತಗೊಂಡು ಬ್ಯಾಟರಿಯೂ ಬರಿದಾದಾಗ ಊರಿನ ಮೊಬೈಲ್ ಗೋಪುರ ಮೌನವಾಗುತ್ತದೆ. ಉದ್ಯೋಗ ಖಾತರಿ ಕಾಮಗಾರಿಯ ಹಾಜರಾತಿ ಚಿತ್ರ ರವಾನೆಯಾಗುವುದಿಲ್ಲ. 108ಕ್ಕೆ ಕರೆ ಹೋಗುವುದಿಲ್ಲ. ದೂರು ಬರುವುದು ಮಾತ್ರ ಕಂಪನಿಗಲ್ಲ, ಪಂಚಾಯಿತಿಗೆ. ಆದುದರಿಂದ ಗೋಪುರವು ಅಷ್ಟೊಂದು ವಿದ್ಯುತ್ತನ್ನು ಏಕೆ ಬೇಡುತ್ತದೆ ಎಂಬುದನ್ನು ಸದಸ್ಯರು ಅರಿತಿರುವುದು ಉಚಿತ.

ರೇಡಿಯೊ ಪ್ರೇಷಕದಲ್ಲಿ ಅತಿ ಹೆಚ್ಚು ವಿದ್ಯುತ್ ನುಂಗುವ ಭಾಗವೆಂದರೆ ಪವರ್ ಆಂಪ್ಲಿಫೈಯರ್, ಅಂದರೆ ಶಕ್ತಿವರ್ಧಕ. 4ಜಿ, 5ಜಿ ಸಂಕೇತಗಳು ಕ್ಷಣಕ್ಷಣಕ್ಕೂ ಏರಿಳಿಯುತ್ತವೆ. ಆಗೊಮ್ಮೆ ಈಗೊಮ್ಮೆ ಅವುಗಳ ಶಕ್ತಿ ಸರಾಸರಿಯ ಸುಮಾರು 10 ಪಟ್ಟು ಆಗುವುದುಂಟು. ಆ ಶಿಖರ ವಿರೂಪಗೊಳ್ಳದೆ ಹೋಗಬೇಕಾದರೆ ವರ್ಧಕವನ್ನು ಶಿಖರಕ್ಕೆ ತಕ್ಕಂತೆಯೇ ಕಟ್ಟಬೇಕು. ಇದು ಜಾತ್ರೆಯ ಕೊಪ್ಪರಿಗೆಯಲ್ಲಿ ನಿತ್ಯದ ಅನ್ನ ಬೇಯಿಸಿದಂತೆ: ಅಕ್ಕಿ ಸ್ವಲ್ಪ, ಸೌದೆ ಬಹಳ. 'ಬಿ' ವರ್ಗದ ವರ್ಧಕದ ದಕ್ಷತೆ, ಸಿದ್ಧಾಂತದ ಪ್ರಕಾರ, ಶಿಖರದಲ್ಲಿ ಶೇ. 78.5, ಶಕ್ತಿ ಹತ್ತನೇ ಒಂದಕ್ಕೆ ಇಳಿದಾಗ ಕೇವಲ ಶೇ. 25ರಷ್ಟು. ಉಳಿದುದೆಲ್ಲ ಶಾಖ. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲಿಯಂ ಡೋಹರ್ಟಿ, ಶಿಖರ ಬಂದಾಗ ಮಾತ್ರ ಎರಡನೆಯ ವರ್ಧಕ ಕೈಜೋಡಿಸುವ ವಿನ್ಯಾಸವನ್ನು ಪ್ರಕಟಿಸಿದರು. ಇಂದಿನ ಗೋಪುರಗಳಲ್ಲೂ ಅದೇ ತತ್ತ್ವ ಬಳಕೆಯಲ್ಲಿದೆ.

2010ರಲ್ಲಿ ಅದೇ ಪ್ರಯೋಗಾಲಯದ ಥಾಮಸ್ ಮಾರ್ಜೆಟ್ಟಾ, ಒಂದೇ ಗೋಪುರದಲ್ಲಿ ಅಪಾರ ಸಂಖ್ಯೆಯ ಆಂಟೆನಾಗಳನ್ನಿಡುವ ವಿಚಾರ ಮಂಡಿಸಿದರು. ಈಗ 64 ಪ್ರೇಷಕಗಳ 5ಜಿ ಫಲಕ ಅಪರೂಪವಲ್ಲ. ಪ್ರತಿಯೊಂದಕ್ಕೂ ದುಬಾರಿ ವರ್ಧಕ ಇಡುವುದಾದರೆ ವೆಚ್ಚವೂ ಅಷ್ಟೇ ಪಟ್ಟು. ಆದರೆ ಸಮಸ್ಯೆಗೆ ದಾರಿಯೂ ಆ ಸಂಖ್ಯೆಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಸೈಫ್ ಖಾನ್ ಮೊಹಮ್ಮದ್ ಅವರು ಸ್ವೀಡನ್ನಿನ ಎರಿಕ್ ಲಾರ್ಸನ್ ಅವರೊಡನೆ ಒಂದು ಕ್ರಮವನ್ನು ರೂಪಿಸಿದರು. ಅದರಂತೆ ಪ್ರತಿ ಆಂಟೆನಾ ಸದಾ ಒಂದೇ ಎತ್ತರದ ಅಲೆಯನ್ನು ಕಳುಹಿಸುತ್ತದೆ. ಅಲೆಯ ಪ್ರಾವಸ್ಥೆ, ಅಂದರೆ ಏರಿಳಿತದ ಹೊತ್ತು ಮಾತ್ರ ಬದಲಾಗುತ್ತದೆ. ಒಟ್ಟಿಗೆ ಏರುವ ಅಲೆಗಳು ಫೋನಿನ ಬಳಿ ಕೂಡಿಕೊಳ್ಳುತ್ತವೆ, ಎದುರುಬದುರಾದವು ಕಳೆದುಹೋಗುತ್ತವೆ. ಬೇಕಾದ ಏರಿಳಿತ ಗೋಪುರದಲ್ಲಲ್ಲ, ಗಾಳಿಯಲ್ಲಿ ಮೂಡುತ್ತದೆ! ವರ್ಧಕವು ಶಿಖರದ ಭಯವಿಲ್ಲದೆ ಪೂರ್ಣ ಹೊರೆಯಲ್ಲಿ ದುಡಿಯಬಲ್ಲದು.

ಇದೇ ದಾರಿಯಲ್ಲಿ, ಅಂಕೆಯನ್ನು ಅಲೆಯಾಗಿಸುವ ಪರಿವರ್ತಕವನ್ನೂ ಸರಳಗೊಳಿಸುವ ಯತ್ನ ನಡೆದಿದೆ: 10 ಬಿಟ್‌ನ 1024 ಮಟ್ಟಗಳ ಬದಲು 1 ಬಿಟ್‌ನ ಎರಡೇ ಮಟ್ಟ.

ಬೆಲೆ ತೆರದೆ ಇದಾವುದೂ ದೊರೆಯದು. ಆಂಟೆನಾಗಳ ಸಂಖ್ಯೆ ಫೋನ್‌ಗಳಿಗಿಂತ ಬಹಳ ಹೆಚ್ಚಿರಬೇಕು. ಅದೇ ವೇಗಕ್ಕೆ ಪ್ರಸಾರಶಕ್ತಿ ತುಸು ಹೆಚ್ಚು ಬೇಕು. ಪ್ರಾವಸ್ಥೆಯ ಲೆಕ್ಕಾಚಾರಕ್ಕೂ ವಿದ್ಯುತ್ ಬೇಕು. ಹಠಾತ್ತಾಗಿ ಜಿಗಿಯುವ ಸಂಕೇತ ಪಕ್ಕದ ತರಂಗಾಂತರಕ್ಕೆ ಚೆಲ್ಲುತ್ತದೆ. ಪಕ್ಕದ ಹೊಲಕ್ಕೆ ನೀರು ಹರಿದರೆ ಆಗುವ ಜಗಳ ಸದಸ್ಯರಿಗೆ ಹೊಸದಲ್ಲ.

ಗೋಪುರದ ಅರ್ಜಿ ಪಂಚಾಯಿತಿಯ ಮುಂದೆ ಬಂದಾಗ ಚರ್ಚೆ ಸಾಮಾನ್ಯವಾಗಿ ಶುಲ್ಕಕ್ಕೇ ನಿಲ್ಲುತ್ತದೆ. ಉಪಕರಣದ ಹೊರೆ ಎಷ್ಟು ಕಿಲೋವ್ಯಾಟ್ ಎಂದೂ ಕೇಳಬಹುದು. 10 ಯೂನಿಟ್ ಹಿಡಿಯುವ ಬ್ಯಾಟರಿ 2 ಕಿಲೋವ್ಯಾಟ್ ಹೊರೆಗೆ 5 ಗಂಟೆ ಬರುತ್ತದೆ. 1 ಕಿಲೋವ್ಯಾಟ್ ಆದರೆ 10 ಗಂಟೆ, ಅಂದರೆ ಮಳೆಯ ಒಂದು ರಾತ್ರಿ.