ಗಿಡದಡಿಯ ರೊಟ್ಟಿ

ಕಾಚಿಗೂಡ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗೆ ಕಾದವರ ತಲೆಹೊರೆ ಕಾಣುತ್ತದೆ, ಎದೆಯ ಹೊರೆ ಕಾಣುವುದಿಲ್ಲ. ಭಾನುವಾರ ಚರ್ಚಿನಲ್ಲಿ ಎದೆ ತುಂಬಿ ಹಾಡಿದವರೂ ಸೋಮವಾರ ಹಾಸಿಗೆ ಬಿಟ್ಟು ಏಳಲಾರದೆ ಇರಬಹುದು. ‘ನಿನಗೆ ನಂಬಿಕೆ ಸಾಲದು’ ಎಂಬ ಮಾತು ಅಂಥವರ ಗಾಯಕ್ಕೆ ಉಪ್ಪು.

ಬೈಬಲಿನ ಪ್ರವಾದಿ ಎಲೀಯ, ಕರ್ಮೆಲ್ ಬೆಟ್ಟದಲ್ಲಿ ಗೆದ್ದ ಬೆನ್ನಲ್ಲೇ ಮರುಭೂಮಿಯ ಗಿಡದಡಿ ಕೂತು ಸಾವು ಬೇಡಿದ. ದೇವದೂತ ಬೈಯಲಿಲ್ಲ, ಬೋಧಿಸಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ.

ಖಿನ್ನತೆ ಪಾಪವಲ್ಲ, ಕಾಯಿಲೆ. ಜ್ವರಕ್ಕೆ ಪ್ರಾರ್ಥನೆಯ ಜೊತೆ ಗುಳಿಗೆಯನ್ನೂ ನುಂಗುವ ನಾವು ಇದಕ್ಕೇಕೆ ನಾಚಬೇಕು? 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲಿರುಳೂ ಉಚಿತ.

ಇವತ್ತು ಬಳಲಿದವರೊಬ್ಬರ ಪಕ್ಕ ಸುಮ್ಮನೆ ಕೂರೋಣ. ಉಪದೇಶಕ್ಕೆ ಮೊದಲು ಒಂದು ಲೋಟ ನೀರು.