ಸಿಂಗಾಪುರದ ಅಂಗಡಿಮನೆಗಳು ಮತ್ತು ಕೂಡುಬಾಳು



ಸಿಂಗಾಪುರದ ಹಳೆಯ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ ಎಂಬ ಕ್ರಮದಲ್ಲಿ ಕಟ್ಟಿದ ಮನೆಗಳ ಸಾಲುಗಳಿವೆ. ಮುಖ ಕಿರಿದು, ಒಡಲು ಉದ್ದ. ಎರಡು ಮನೆಗಳ ನಡುವೆ ಗೋಡೆ ಒಂದೇ. ಒಳಗೆ ಆಕಾಶಕ್ಕೆ ತೆರೆದ ಅಂಗಳ. ತೊಟ್ಟಿಮನೆಯನ್ನು ಬಲ್ಲ ಮಲೆನಾಡಿಗರಿಗೆ ಅದರ ಉಪಯೋಗವನ್ನು ವಿವರಿಸಬೇಕಿಲ್ಲ. ಮುಂದಿನ ಜಗಲಿಯಾದರೋ ದಾರಿಹೋಕರದು. ಪ್ರತಿ ಮನೆಗೂ ಸದಾ ತೆರೆದಿರುವ, ಒಂದಕ್ಕೊಂದು ಕೂಡಿದ ಜಗಲಿ ಇರಬೇಕೆಂದು ಸ್ಟ್ಯಾಮ್‌ಫರ್ಡ್ ರಾಫಲ್ಸ್ 1822ರಲ್ಲಿಯೇ ವಿಧಿಸಿದ್ದನು.

ಈ ಮನೆಗಳಿಗೆ ಕೂಡುಬಾಳು ಹೊಸತಲ್ಲ. ಬ್ಯಾರಿಂಗ್ಟನ್ ಕೇ ಎಂಬ ವಿದ್ವಾಂಸನು 1950ರ ದಶಕದಲ್ಲಿ ಅಪ್ಪರ್ ನಾಂಕಿನ್ ಬೀದಿಯ ಸಂಸಾರಗಳನ್ನು ಸಮೀಕ್ಷಿಸಿ 1960ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಹಲಗೆಯ ತಡಿಕೆಯ ಇಕ್ಕಟ್ಟಾದ ಕೋಣೆಗಳಲ್ಲಿ ಒಂದೊಂದು ಕುಟುಂಬ. ಅಡುಗೆಮನೆ, ಶೌಚಗಳು ಎಲ್ಲರಿಗೂ ಸೇರಿದವು. ಅದನ್ನು ಸೊಗಸೆಂದು ವರ್ಣಿಸುವುದು ಅನ್ಯಾಯ. 1947ರ ಬಾಡಿಗೆ ನಿಯಂತ್ರಣ ಕಾನೂನು ಬಡವರನ್ನು ಅಲ್ಲಿ ಉಳಿಸಿತು. ಆದರೆ ಅಲ್ಪ ಬಾಡಿಗೆಯಲ್ಲಿ ಮಾಲೀಕರು ದುರಸ್ತಿಗೆ ಕೈಹಾಕಲಿಲ್ಲ. ಕ್ರಮೇಣ ಜನರು ಸರ್ಕಾರಿ ವಸತಿಗಳಿಗೆ ತೆರಳಿದರು. 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ ಮುಂತಾದ ಪ್ರದೇಶಗಳು ಸಂರಕ್ಷಿತವೆನಿಸಿದವು. 2001ರಲ್ಲಿ ಬಾಡಿಗೆ ನಿಯಂತ್ರಣವೂ ರದ್ದಾಯಿತು.

ದುರಸ್ತಿಯ ವಿಷಯದಲ್ಲಿ ಅಲ್ಲಿಂದ ಕಲಿಯಬೇಕಾದದ್ದಿದೆ. ಹಳೆಯ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ನೆಲದ ತೇವವು ಗೋಡೆಯಲ್ಲಿ ಏರಿ, ಸುಣ್ಣದ ಮೂಲಕ ಆವಿಯಾಗಿ ಹೊರಹೋಗುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಲವಣಗಳು ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿಮಾಡುತ್ತವೆ. ನೀರು ಬಸಿಯದ ಹೊಲದಲ್ಲಿ ಸವಳು ಮೇಲೇರುವುದೂ ಇದೇ ರೀತಿ. ಆದುದರಿಂದ ಬಲ್ಲವರು ಸಿಮೆಂಟನ್ನು ಕೆತ್ತಿ ತೆಗೆದು ಮತ್ತೆ ಸುಣ್ಣವನ್ನೇ ಹಚ್ಚುತ್ತಾರೆ. ಕೆಟ್ಟ ತೊಲೆಯನ್ನಷ್ಟೇ ಬದಲಿಸುತ್ತಾರೆ. ನಿಂತಿರುವ ಮನೆಯನ್ನು ಉಳಿಸಿದಷ್ಟೂ ಹೊಸ ಮರಳು, ಮರ, ಇಟ್ಟಿಗೆ ಉಳಿಯುತ್ತವೆ. ತೆರೆದ ಅಂಗಳಕ್ಕೆ ಗಾಜು ಮುಚ್ಚಿ ಹವಾನಿಯಂತ್ರಕ ಕೂಡಿಸುವವರೂ ಇದ್ದಾರೆ. ಅಂಥದ್ದನ್ನು ಸಂರಕ್ಷಣೆ ಎನ್ನುವುದು ಕಷ್ಟ.

ಇಂತಹ ಕೆಲವು ಮನೆಗಳು ಈಚೆಗೆ ಸಹವಾಸದ ವಸತಿಗಳಾಗಿವೆ: ಮಲಗುವ ಕೋಣೆ ಅವರವರದು, ಅಡುಗೆಮನೆ, ಪಡಸಾಲೆ ಎಲ್ಲರದು. ಯೋಜನೆ ಒಳ್ಳೆಯದೇ, ಆದರೆ ಅಲ್ಲಿ ನೆಲಸುವವರು ಬಹುಮಟ್ಟಿಗೆ ಕೆಲವು ತಿಂಗಳುಗಳ ಮಟ್ಟಿಗೆ ಬರುವ, ಉತ್ತಮ ಸಂಬಳದ ಯುವ ಉದ್ಯೋಗಿಗಳು. ಹಂಚಿಕೊಳ್ಳುವ ಒಲೆ ಹಿಂತಿರುಗಿತು, ಹಂಚಿಕೊಂಡಿದ್ದ ಕುಟುಂಬಗಳು ಹಿಂತಿರುಗಲಿಲ್ಲ. ತೊಲೆ, ಹೆಂಚು, ಜಗಲಿಗಳಿಗೆ ಇಷ್ಟೊಂದು ನಿಯಮಗಳನ್ನು ಮಾಡಿದವರು, ಪ್ರತಿ ಮನೆಯಲ್ಲಿ ಒಂದೆರಡು ಕೋಣೆಗಳನ್ನು ಆ ಬೀದಿಯ ಕಸುಬುದಾರರಿಗೂ ವೃದ್ಧರಿಗೂ ಕೈಗೆಟುಕುವ ಬಾಡಿಗೆಗೆ ಮೀಸಲಿಡಬೇಕೆಂಬ ಷರತ್ತನ್ನೂ ಸೇರಿಸಬಹುದಾಗಿತ್ತು.