ಉಪಗ್ರಹದ ಬೆನ್ನು ಹಿಡಿಯುವ ಏರಿಯಲ್

ಮನೆಯ ಮಾಳಿಗೆಯ ಮೇಲೆ ಒಮ್ಮೆ ಏರಿಯಲ್ ಕಟ್ಟಿದರೆ ಆಮೇಲೆ ನಾವು ಅದರ ಕಡೆ ತಿರುಗಿ ನೋಡುವುದೇ ಇಲ್ಲ. ರೇಡಿಯೋ ನಿಲಯ ಇದ್ದಲ್ಲಿಯೇ ಇರುತ್ತದೆ, ಏರಿಯಲ್ಲೂ ಇದ್ದಲ್ಲಿಯೇ ಇರುತ್ತದೆ. ಟೆಲಿವಿಷನ್ನಿನ ತಟ್ಟೆಯ ಕಥೆಯೂ ಅಷ್ಟೇ. ಅದು ನೋಡುವ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ, ನಮ್ಮ ಪಾಲಿಗೆ ಆಕಾಶದಲ್ಲಿ ಮೊಳೆ ಹೊಡೆದಂತೆ ನಿಂತಿರುತ್ತದೆ.

ಆದರೆ ಎಲ್ಲ ಉಪಗ್ರಹಗಳೂ ಹೀಗೆ ನಿಲ್ಲುವಂಥವಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನೇ ತೆಗೆದುಕೊಳ್ಳಿ. ಅದು ಸುಮಾರು ೪೨೦ ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತದೆ. ೯೩ ನಿಮಿಷಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿಬಿಡುತ್ತದೆ. ದಿಗಂತದ ಒಂದು ಅಂಚಿನಲ್ಲಿ ಹುಟ್ಟಿ ಇನ್ನೊಂದು ಅಂಚಿನಲ್ಲಿ ಮುಳುಗಲು ಅದಕ್ಕೆ ಬೇಕಾಗುವುದು ಹೆಚ್ಚೆಂದರೆ ಹತ್ತು ಹನ್ನೊಂದು ನಿಮಿಷ. ೨೦೨೫ರ ಜುಲೈ ೪ರಂದು ಆ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ಶಾಲೆಯ ಮಕ್ಕಳೊಡನೆ ಹ್ಯಾಮ್ ರೇಡಿಯೋ ಮೂಲಕ ಮಾತನಾಡಿದ್ದು ನಿಮಗೆ ನೆನಪಿರಬಹುದು. ಅಂಥ ಸಂಭಾಷಣೆಗೆ ಒಂದು ಸಲಕ್ಕೆ ದೊರೆಯುವುದು ಆ ಹತ್ತು ನಿಮಿಷಗಳೇ. ಪ್ರಶ್ನೆಗಳನ್ನು ಬರೆದುಕೊಂಡು ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಏರಿಯಲ್ ಬೇರೆ ಕಡೆಗೆ ಮುಖ ಮಾಡಿ ನಿಂತರೆ ನಿಲ್ದಾಣವೇನೂ ಕಾಯುವುದಿಲ್ಲ.

೨೦೧೦ರ ಜುಲೈ ೧೨ರಂದು ಶ್ರೀಹರಿಕೋಟೆಯಿಂದ ಹಾರಿದ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ್ದರು. ಅದರ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಅದರ ಮಾತನ್ನು ಕೇಳುವುದಕ್ಕೆಂದು ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಒಂದು ಭೂಕೇಂದ್ರವೂ ಸಿದ್ಧವಾಯಿತು. ಇಷ್ಟು ಚಿಕ್ಕ ಉಪಗ್ರಹದ ದನಿ ಬಲು ಕ್ಷೀಣ. ಅದನ್ನು ಹಿಡಿಯಲು ಏರಿಯಲ್ ಅದರತ್ತಲೇ ಮುಖ ಮಾಡಿರಬೇಕು. ಮುಖ ಮಾಡಿದರಷ್ಟೇ ಸಾಲದು, ಅದು ಓಡಿದಂತೆ ತಾನೂ ತಿರುಗುತ್ತಿರಬೇಕು.

ಈ ಕೆಲಸಕ್ಕೆ ಬಳಸುವುದು ಸಾಮಾನ್ಯವಾಗಿ ಯಾಗಿ ಏರಿಯಲ್. ಹಿಂದೆ ಮನೆಮನೆಯ ಮೇಲೂ ಟೆಲಿವಿಷನ್ನಿಗಾಗಿ ನಿಂತಿರುತ್ತಿದ್ದ, ಮೀನಿನ ಮುಳ್ಳಿನಂಥ ಕಡ್ಡಿಗಳ ಏರಿಯಲ್ ಇದೇ ಜಾತಿಯದು. ಇದನ್ನು ತಿರುಗಿಸುವ ಯಂತ್ರವೇ ರೋಟೇಟರ್. ಅದರಲ್ಲಿ ಎರಡು ಮೋಟಾರುಗಳಿರುತ್ತವೆ. ಒಂದು ಏರಿಯಲ್ಲನ್ನು ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಸುತ್ತಿಸುತ್ತದೆ. ಈ ಕೋನಕ್ಕೆ ದಿಗಂಶವೆಂದು ಹೆಸರು. ಇನ್ನೊಂದು ಅದನ್ನು ದಿಗಂತದಿಂದ ನೆತ್ತಿಯವರೆಗೆ ಎತ್ತುತ್ತದೆ, ಇದಕ್ಕೆ ಉನ್ನತಿಯೆನ್ನುತ್ತಾರೆ. ಈ ಎರಡು ಕೋನಗಳು ತಿಳಿದರೆ ಆಕಾಶದ ಯಾವ ಮೂಲೆಯನ್ನಾದರೂ ತೋರಿಸಬಹುದು.

ಆ ಕೋನಗಳನ್ನು ಲೆಕ್ಕ ಹಾಕುವುದು ಕಂಪ್ಯೂಟರಿನ ಕೆಲಸ. ಪ್ರತಿಯೊಂದು ಉಪಗ್ರಹದ ಕಕ್ಷೆಯನ್ನೂ ಅಂಕಿಗಳ ಎರಡು ಸಾಲುಗಳಲ್ಲಿ ಬರೆದಿಡುತ್ತಾರೆ. ಅದನ್ನು ಉಪಗ್ರಹದ ಪಂಚಾಂಗವೆಂದರೂ ಸಲ್ಲುತ್ತದೆ. ಈ ಎರಡು ಸಾಲು, ನಿಮ್ಮ ಊರಿನ ಅಕ್ಷಾಂಶ ರೇಖಾಂಶಗಳು, ಮತ್ತು ಗಡಿಯಾರದ ಹೊತ್ತು, ಇಷ್ಟನ್ನು ಒದಗಿಸಿದರೆ ಜಿಪ್ರೆಡಿಕ್ಟ್‌ನಂಥ ಉಚಿತ ಪ್ರೋಗ್ರಾಮು ಆ ಗಳಿಗೆಯ ದಿಗಂಶವನ್ನೂ ಉನ್ನತಿಯನ್ನೂ ಹೇಳುತ್ತದೆ. ಕಂಪ್ಯೂಟರಿಗೂ ರೋಟೇಟರಿಗೂ ನಡುವೆ ದುಭಾಷಿಯಂತೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ಹಲಗೆ ಇರುತ್ತದೆ. ಅದು ಆಜ್ಞೆಯನ್ನು ಕೇಳಿ ಮೋಟಾರಿನ ಸ್ವಿಚ್ಚನ್ನು ಒತ್ತುತ್ತದೆ. ಏರಿಯಲ್ ಎಷ್ಟು ತಿರುಗಿತೆಂಬುದನ್ನು ತಿಳಿಯಲು, ರೇಡಿಯೋದ ವಾಲ್ಯೂಮ್ ಕಂಟ್ರೋಲಿನಂಥದೇ ಒಂದು ಸಾಧನ ರೋಟೇಟರಿನೊಳಗಿದೆ. ತಿರುಗಿದಷ್ಟೂ ಅದರ ವೋಲ್ಟೇಜು ಬದಲಾಗುತ್ತದೆ. ಹಲಗೆ ಆ ವೋಲ್ಟೇಜನ್ನು ಓದಿ ಕೋನವನ್ನು ತಿಳಿಯುತ್ತದೆ. ವೋಲ್ಟೇಜನ್ನು ೧,೦೨೪ ಭಾಗ ಮಾಡಿ ಓದುವ ಸಾಮಾನ್ಯ ಹಲಗೆ ೪೫೦ ಡಿಗ್ರಿ ತಿರುಗುವ ರೋಟೇಟರಿನಲ್ಲಿ ಅರ್ಧ ಡಿಗ್ರಿಯಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲದು.

ಇಷ್ಟೆಲ್ಲ ಇದ್ದ ಮೇಲೆ ತೊಂದರೆಯೇನು ಎಂದು ನೀವು ಕೇಳಬಹುದು. ತೊಂದರೆ ಇಷ್ಟೇ: ಉಪಗ್ರಹ ಎಲ್ಲಿದೆಯೆಂದು ಕಂಪ್ಯೂಟರಿಗೆ ಗೊತ್ತು, ನಿಮ್ಮ ಏರಿಯಲ್ ಎತ್ತ ನೋಡುತ್ತಿದೆಯೆಂದು ಅದಕ್ಕೆ ಗೊತ್ತಿಲ್ಲ. ನೀವು ಹೇಳಿದ್ದನ್ನು ಅದು ನಂಬುತ್ತದೆ. ನೀವು ಪೂರ್ವವನ್ನು ತೋರಿಸಿ ಇದೇ ಉತ್ತರವೆಂದರೆ ಅದು ಸರಿಯೆಂದು ಒಪ್ಪಿಕೊಂಡು, ಬಲು ಅಚ್ಚುಕಟ್ಟಾಗಿ, ಉಪಗ್ರಹವಿಲ್ಲದ ಕಡೆಗೆಲ್ಲ ಏರಿಯಲ್ಲನ್ನು ತಿರುಗಿಸುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರೇಡಿಯೋದಲ್ಲಿ ಮಾತ್ರ ಬರಿಯ ಗೊರಗೊರ. ಆಗ ಜನ ರೇಡಿಯೋವನ್ನು ಬಿಚ್ಚುತ್ತಾರೆ, ಪ್ರೋಗ್ರಾಮನ್ನು ಬದಲಿಸುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ!

ಆದುದರಿಂದ ಮೊದಲು ಗಡಿಯಾರವನ್ನು ನೋಡಿ. ನಿಲ್ದಾಣ ಒಂದು ನಿಮಿಷದಲ್ಲಿ ೪೬೦ ಕಿಲೋಮೀಟರ್ ಸಾಗುತ್ತದೆ. ಅದು ನೆತ್ತಿಯ ಮೇಲಿರುವಾಗ ನಿಮ್ಮ ಗಡಿಯಾರ ಒಂದು ನಿಮಿಷ ತಪ್ಪಿದ್ದರೆ ಏರಿಯಲ್ ಸುಮಾರು ೪೫ ಡಿಗ್ರಿ ಆಚೆ ನೋಡುತ್ತಿರುತ್ತದೆ. ಇನ್ನು ಪ್ರೋಗ್ರಾಮು ಲೆಕ್ಕ ಹಾಕುವುದು ವಿಶ್ವಕಾಲದಲ್ಲಿ. ನಮ್ಮ ಭಾರತೀಯ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದು. ಇದನ್ನು ಮರೆತರೆ ಅಷ್ಟರೊಳಗೆ ನಿಲ್ದಾಣ ಭೂಮಿಯನ್ನು ಮೂರೂವರೆ ಸುತ್ತು ಹಾಕಿರುತ್ತದೆ. ರೇಖಾಂಶ ಬರೆಯುವಾಗ ಪೂರ್ವವೋ ಪಶ್ಚಿಮವೋ ಎಂಬುದನ್ನೂ ನೋಡಿಕೊಳ್ಳಬೇಕು. ಪಂಚಾಂಗವೂ ಹೊಸದಾಗಿರಬೇಕು. ಮೇಲಿನ ತೆಳುಗಾಳಿ ನಿಲ್ದಾಣದ ಕಕ್ಷೆಯನ್ನು ಕುಗ್ಗಿಸುತ್ತಿರುತ್ತದೆ, ಆಗಾಗ ಎಂಜಿನ್ನು ಹಚ್ಚಿ ಅದನ್ನು ಮತ್ತೆ ಮೇಲಕ್ಕೆ ಒಯ್ಯುತ್ತಾರೆ. ಹೀಗಾಗಿ ಹೋದ ತಿಂಗಳ ಅಂಕಿಗಳು ಈ ತಿಂಗಳಿಗೆ ಬಾರವು.

ಎಲ್ಲಕ್ಕಿಂತ ಮುಖ್ಯವಾದದ್ದು ಉತ್ತರ ದಿಕ್ಕು. ದಿಕ್ಸೂಚಿ ತಂದು ನೋಡಿದರಾಯಿತೆಂದು ಅನ್ನಿಸಬಹುದು. ದಿಕ್ಸೂಚಿಯ ಮುಳ್ಳು ತೋರಿಸುವುದು ಅಯಸ್ಕಾಂತದ ಉತ್ತರವನ್ನು. ನಮಗೆ ಬೇಕಾದದ್ದು ಭೂಮಿಯ ಉತ್ತರ. ಬೆಂಗಳೂರಿನಲ್ಲಿ ಇವೆರಡರ ಅಂತರ ಎರಡು ಡಿಗ್ರಿಗಿಂತಲೂ ಕಡಿಮೆ, ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು. ಆದರೆ ಮಾಳಿಗೆಯ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳಿವೆ, ಏರಿಯಲ್ಲಿನ ಕಂಬವೇ ಕಬ್ಬಿಣದ್ದು. ಅವುಗಳ ನಡುವೆ ಮುಳ್ಳು ಹೇಳುವ ಮಾತನ್ನು ನಂಬುವ ಹಾಗಿಲ್ಲ.

ಇದಕ್ಕೆ ಸೂರ್ಯನೇ ಸಾಕ್ಷಿ. ಸೂರ್ಯನ ದಿಗಂಶವನ್ನೂ ಪ್ರೋಗ್ರಾಮು ಹೇಳಬಲ್ಲದು. ಮುಂಜಾನೆ ಬಿಸಿಲು ಓರೆಯಾಗಿರುವಾಗ ಏರಿಯಲ್ಲನ್ನು ನೆಲಕ್ಕೆ ಸಮವಾಗಿ ಮಲಗಿಸಿ, ಸೂರ್ಯನ ಆ ಹೊತ್ತಿನ ದಿಗಂಶಕ್ಕೆ ತಿರುಗುವಂತೆ ಆಜ್ಞೆ ಕೊಡಿ. ಈಗ ನೆಲದ ಮೇಲೆ ಕಂಬದ ನೆರಳು, ಏರಿಯಲ್ಲಿನ ನಡುದಂಡದ ನೆರಳು, ಎರಡನ್ನೂ ನೋಡಿ. ಎರಡೂ ಒಂದೇ ದಿಕ್ಕಿಗೆ, ರೈಲಿನ ಕಂಬಿಗಳಂತೆ ಸಮಾನಾಂತರವಾಗಿ ಬಿದ್ದಿದ್ದರೆ ನಿಮ್ಮ ಉತ್ತರ ಸರಿಯಾಗಿದೆ. ಇಲ್ಲವಾದರೆ ಕಂಬದ ಹಿಡಿಕೆಯನ್ನು ಸಡಿಲಿಸಿ, ನೆರಳುಗಳು ಹೊಂದುವವರೆಗೆ ಕೈಯಿಂದ ತಿರುಗಿಸಿ ಬಿಗಿಮಾಡಿ. ನಡುಹಗಲಿನಲ್ಲಿ ಇದನ್ನು ಮಾಡಬಾರದು. ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೇ ಬರುವುದರಿಂದ ಆಗ ಕಂಬಕ್ಕೆ ನೆರಳೇ ಇರುವುದಿಲ್ಲ.

ಎಷ್ಟು ನಿಖರವಾಗಿರಬೇಕು? ಸಾಧಾರಣ ಯಾಗಿಯ ನೋಟ ಮೂವತ್ತು ನಲವತ್ತು ಡಿಗ್ರಿಗಳಷ್ಟು ಅಗಲ. ಹೀಗಾಗಿ ಐದು ಡಿಗ್ರಿ ತಪ್ಪಿದರೂ ಅದು ಕ್ಷಮಿಸುತ್ತದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ೨೦೦೮ರ ಚಂದ್ರಯಾನಕ್ಕಾಗಿ ನಿಲ್ಲಿಸಿದ ೩೨ ಮೀಟರ್ ಅಗಲದ ತಟ್ಟೆಗೆ ಆ ಔದಾರ್ಯವಿಲ್ಲ. ಎಕ್ಸ್ ಬ್ಯಾಂಡಿನ ತರಂಗಗಳಲ್ಲಿ ಅದರ ನೋಟದ ಅಗಲ ಒಂದು ಡಿಗ್ರಿಯ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದು. ಮನೆಯ ಏರಿಯಲ್ಲಿಗೆ ಈ ಸಲಿಗೆ ಇರುವುದರಿಂದಲೇ, ಮೂರು ನಾಲ್ಕು ಡಿಗ್ರಿ ವ್ಯತ್ಯಾಸವಾದಾಗ ಮಾತ್ರ ತಿರುಗುವಂತೆ ಪ್ರೋಗ್ರಾಮಿಗೆ ಹೇಳಬೇಕು. ಸೆಕೆಂಡಿಗೊಮ್ಮೆ ಕದಲಿಸಿದರೆ ಮೋಟಾರು ಕಾದು ಕೆಡುತ್ತದೆ.

ರೋಟೇಟರಿಗೂ ಅದರದೇ ಮಿತಿಗಳಿವೆ. ತಂತಿ ಸುತ್ತಿಕೊಳ್ಳಬಾರದೆಂದು ಅದಕ್ಕೊಂದು ತಡೆ ಇರುತ್ತದೆ. ಅದರಾಚೆ ಅದು ಹೋಗದು. ತಡೆ ಉತ್ತರದಲ್ಲಿದ್ದು, ಉಪಗ್ರಹವೂ ಉತ್ತರವನ್ನು ದಾಟಿ ಹೋದರೆ, ಏರಿಯಲ್ ಬಂದ ದಾರಿಯಲ್ಲೇ ಒಂದು ಪೂರ್ತಿ ಸುತ್ತು ಹಿಂದಿರುಗಬೇಕು. ಯೇಸು ಕಂಪೆನಿಯ ಜಿ-೫೫೦೦ ಮಾದರಿಗೆ ಇದಕ್ಕೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಒಂದು ನಿಮಿಷ ಹೋಯಿತು! ಆ ಮಾದರಿ ೪೫೦ ಡಿಗ್ರಿಯವರೆಗೆ ತಿರುಗುವುದು ಈ ನಷ್ಟವನ್ನು ತಪ್ಪಿಸುವುದಕ್ಕೇ. ನಿಲ್ದಾಣ ಹತ್ತಿರ ಹತ್ತಿರ ನೆತ್ತಿಯ ಮೇಲೇ ಹಾದುಹೋಗುವಾಗ ಇನ್ನೊಂದು ಕಷ್ಟ. ಉನ್ನತಿ ೮೦ ಡಿಗ್ರಿ ದಾಟಿತೆಂದರೆ ದಿಗಂಶ ಬದಲಾಗುವ ವೇಗಕ್ಕೆ ಮೋಟಾರು ಸಾಟಿಯಾಗದೆ ಹಿಂದೆ ಬೀಳುತ್ತದೆ. ಅಂಥ ಹೊತ್ತಿನಲ್ಲಿ ದಿಗಂಶವನ್ನು ಹಾಗೆಯೇ ಬಿಟ್ಟು, ಏರಿಯಲ್ಲನ್ನು ನೆತ್ತಿಯ ಮೇಲಿಂದ ಹಿಮ್ಮುಖವಾಗಿ ೧೮೦ ಡಿಗ್ರಿಯವರೆಗೆ ಬಾಗಿಸುವುದು ಜಾಣತನ. ಇದೆಲ್ಲಕ್ಕೂ ಕಂಬದ ಬಳಿ ಕೇಬಲ್ಲನ್ನು ಸಡಿಲವಾಗಿ ಬಿಟ್ಟಿರಬೇಕು.

ದಿಕ್ಕು ಸರಿಯಿದ್ದೂ ಕೆಲಸ ಕೆಟ್ಟದ್ದುಂಟು. ೧೯೬೨ರ ಜುಲೈ ೧೦ರಂದು ಹಾರಿದ ಟೆಲ್‌ಸ್ಟಾರ್ ಉಪಗ್ರಹ ಅಮೆರಿಕದ ಟೆಲಿವಿಷನ್ ಚಿತ್ರಗಳನ್ನು ಅಟ್ಲಾಂಟಿಕ್ ಸಾಗರದಾಚೆ ದಾಟಿಸಬೇಕಾಗಿತ್ತು. ಇಂಗ್ಲೆಂಡಿನ ಗೂನ್‌ಹಿಲ್ಲಿಯಲ್ಲಿ ೨೬ ಮೀಟರ್ ಅಗಲದ, ಸಾವಿರದ ನೂರು ಟನ್ ತೂಕದ ತಟ್ಟೆ ಅದಕ್ಕಾಗಿ ಕಾದಿತ್ತು. ಮೊದಲ ರಾತ್ರಿ ಫ್ರಾನ್ಸಿನ ಕೇಂದ್ರಕ್ಕೆ ಚಿತ್ರ ಚೆನ್ನಾಗಿ ಬಂತು; ಗೂನ್‌ಹಿಲ್ಲಿಗೆ ಬಂದದ್ದು ಮಸುಕು ಮಸುಕು. ಉಪಗ್ರಹದ ಅಲೆಗಳು ತಿರುಪಿನಂತೆ ಸುತ್ತುತ್ತ ಬರುತ್ತವೆ, ಬಲಸುತ್ತು ಇಲ್ಲವೆ ಎಡಸುತ್ತು. ಆ ಸುತ್ತಿನ ಅರ್ಥವನ್ನು ತಿರುವುಮುರುವಾಗಿ ಹಿಡಿದು ಒಂದು ಸಣ್ಣ ಭಾಗವನ್ನು ಜೋಡಿಸಿದ್ದರು. ಅದನ್ನು ತಿದ್ದಿದ ಮೇಲೆ ಚಿತ್ರ ಸ್ಪಷ್ಟವಾಯಿತು. ನೀವೂ ಈ ಬಗೆಯ ಏರಿಯಲ್ ಕಟ್ಟುವುದಾದರೆ ಸುತ್ತು ಯಾವುದೆಂದು ಎರಡು ಸಲ ನೋಡಿಕೊಳ್ಳಿ.

ಇನ್ನೊಂದು ಮಾತು. ಹತ್ತಿರ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿ, ದೂರ ಹೋಗುವಾಗ ಮಂದವಾಗಿ ಕೇಳುವಂತೆಯೇ ಉಪಗ್ರಹದ ಅಲೆಗಳೂ ಬದಲಾಗುತ್ತವೆ. ನಿಲ್ದಾಣದ ಮಾತು ಹೊರಡುವುದು ೧೪೫.೮ ಮೆಗಾಹರ್ಟ್ಸ್‌ನಲ್ಲಿ, ನಮಗೆ ಅದು ಮೊದಲು ಮೂರೂವರೆ ಕಿಲೋಹರ್ಟ್ಸ್ ಮೇಲೆ, ಕೊನೆಗೆ ಅಷ್ಟೇ ಕೆಳಗೆ ಕೇಳುತ್ತದೆ. ರೇಡಿಯೋವನ್ನು ಅದಕ್ಕೆ ತಕ್ಕಂತೆ ತಿರುಗಿಸುವ ಕೆಲಸವನ್ನೂ ಅದೇ ಕಂಪ್ಯೂಟರಿಗೆ ಒಪ್ಪಿಸಬಹುದು. ಮರುನುಡಿಯಬೇಕಾದರೆ ಮಾತ್ರ ಹ್ಯಾಮ್ ಪರವಾನಗಿ ಇರಲೇಬೇಕು. ವಿದ್ಯುತ್ ತಂತಿಗಳ ಹತ್ತಿರ ಕಂಬ ನಿಲ್ಲಿಸಬೇಡಿ. ಗುಡುಗು ಮಿಂಚಿನ ಹೊತ್ತಿನಲ್ಲಿ ಮಾಳಿಗೆ ಹತ್ತಬೇಡಿ.

ಎಲ್ಲವೂ ಸಿದ್ಧವಾದ ಮೇಲೆ ಕೊನೆಯ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಸೂರ್ಯ ಮುಳುಗಿದ ಮೇಲೆ ಅಥವಾ ಮೂಡುವ ಮುನ್ನ, ನೆಲದ ಮೇಲೆ ಕತ್ತಲಿದ್ದು ಎತ್ತರದಲ್ಲಿ ಇನ್ನೂ ಬಿಸಿಲಿರುವಾಗ, ನಿಲ್ದಾಣ ಹಾದುಹೋಗುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಮಿನುಗದೆ, ಸದ್ದಿಲ್ಲದೆ, ಓಡುವ ನಕ್ಷತ್ರದಂತೆ ಅದು ಬರುತ್ತದೆ. ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟು, ನೀವು ಏರಿಯಲ್ಲಿನ ಹಿಂದೆ ನಿಂತು ನಡುದಂಡದ ನೇರಕ್ಕೆ ಕಣ್ಣು ಹಾಯಿಸಿ. ಬೆಳಕಿನ ಚುಕ್ಕೆ ಹೋದ ಕಡೆಗೆ ದಂಡದ ತುದಿಯೂ ಹೋಗುತ್ತಿದ್ದರೆ, ಗಡಿಯಾರ, ಪಂಚಾಂಗ, ಉತ್ತರ ದಿಕ್ಕು ಮೂರೂ ಸರಿಯಾಗಿವೆಯೆಂದು ತಿಳಿಯಿರಿ. ಆ ಮೇಲೆ ಮಕ್ಕಳನ್ನು ಕರೆಯಿರಿ.